ಕುದಿಸದ ಬಾಟಲಿ

ನೀರಿನ ಪರೀಕ್ಷೆಗೆಂದು ಲ್ಯಾಬಿನ ಕ್ಯೂನಲ್ಲಿ ನಿಂತಿದ್ದ ಪ್ಲಂಬರಿಗೆ, ಬೇಡವೆಂದರೂ ಮುಂದೆ ರಸದ ಬಾಟಲಿ ಹಿಡಿದು ನಿಂತಿದ್ದ ಅಕ್ಕ ತಮ್ಮನ ಗುಸುಗುಸು ಕಿವಿಗೆ ಬೀಳುತ್ತಿತ್ತು.

“ಇದು ಬೆಳಿಗ್ಗೆ ಕೈಯಲ್ಲಿ ಹಿಂಡಿದ ಬೆರಿ ಹಣ್ಣಿನ ರಸ ಅಲ್ವೇನೋ? ನಾವು ಮಾರೋದು ಕುದಿಸಿದ್ದು.”

“ಮೆಲ್ಲಗೆ ಮಾತಾಡಕ್ಕ. ಕುದಿಸಿದ್ರೆ ಆಂಟಿಆಕ್ಸಿಡೆಂಟ್ ಅರ್ಧಕ್ಕರ್ಧ ಹೋಗುತ್ತೆ. ಲೇಬಲ್ ಮೇಲೆ ಏನಂತ ಹಾಕೋದು?”

“ಇದ್ದಿದ್ದನ್ನ ಹಾಕು.”

“ಹೋದ ವರ್ಷಾನೂ ಟೆಸ್ಟಿಗೆ ಹಸಿ ರಸಾನೇ ಕೊಟ್ಟಿದ್ದು. ಯಾರಾದ್ರೂ ಕೇಳಿದ್ರಾ?”

ಅಕ್ಕ ಪೂರ್ತಿ ಅವನ ಕಡೆ ತಿರುಗಿದಳು.

“ಹಾಗಾದ್ರೆ ಆ ಲೇಬಲ್ ಸುಳ್ಳಾ? ಅದನ್ನ ಓದೇ ಕಣೋ ಅಪ್ಪ ದಿನಾ ಎರಡು ಲೋಟ ಕುಡಿಯೋದು. ‘ಇದೇ ಸಾಕು’ ಅಂತ ಬಿಪಿ ಮಾತ್ರೆ ಬಿಟ್ಟು ತಿಂಗಳಾಯ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

“ನಾನೂ ನಂಬಿದ್ದೆ ಕಣೋ.”

ಕೌಂಟರಿನಿಂದ ಅವರ ನಂಬರ್ ಕೂಗಿದರು. ತಮ್ಮ ಆಗಲೇ ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಕಡೆ ಓಡುತ್ತಿದ್ದ.

“ಅಪ್ಪಾ, ಲೋಟ ಕೆಳಗಿಡಿ. ಮಾತ್ರೆ ಎಲ್ಲಿಟ್ಟಿದ್ದೀರಿ?”