ವಿಯೆಟ್ನಾಂ ಪಾಠ

ಅಮೆರಿಕದ ಟೊಲಿಡೊ ಊರಿನ ಕಾಲೇಜೊಂದರ ಗೇಟಿನೆದುರು ಬಸ್ಸಿಗೆ ಕಾಯುತ್ತಿದ್ದ ಆಸ್ಪತ್ರೆಯ ಆಯಾ ಡೊರೀನ್, ಬೇಡಬೇಡವೆಂದುಕೊಂಡರೂ ಪಕ್ಕದ ಬೆಂಚಿನ ಮಾತಿಗೆ ಕಿವಿಗೊಟ್ಟಳು. ಅಲ್ಲಿ ಎಪ್ಪತ್ತು ದಾಟಿದ ಮುದುಕ, ಅವನ ಜೊತೆ ಅದೇ ತರಗತಿಯಲ್ಲಿ ಓದುವ ಒಬ್ಬ ಹುಡುಗಿ. ಇಬ್ಬರ ತೊಡೆಯ ಮೇಲೂ ಅಮೆರಿಕದ ಚರಿತ್ರೆಯ ಅದೇ ದಪ್ಪ ಪುಸ್ತಕ.

“ಅಂತೂ ಪಾಠ ಮುಗೀತು ವರ್ಲಿನ್ ತಾತ! ಇನ್ನು ಪರೀಕ್ಷೆ ಒಂದೇ.”

“ಎಲ್ಲಿ ಮುಗೀತು ಮಗೂ? ವಿಯೆಟ್ನಾಂ ಬರೋಕೆ ಮುಂಚೆ ನಿಲ್ಲಿಸ್ಬಿಟ್ರಲ್ಲ.”

“ಟೈಮ್ ಸಾಲಲಿಲ್ಲ ಅಂದ್ರಲ್ಲ ಮೇಷ್ಟ್ರು. ಉಳಿದಿದ್ದು ಮನೇಲಿ ಓದ್ಕೊಳ್ಳಿ ಅಂತ.”

“ಹೋದ್ವರ್ಷಾನೂ ಹಂಗೇ ಅಂದ್ರು. ಅದರ ಹಿಂದಿನ ವರ್ಷಾನೂ ಅಷ್ಟೇ. ನಮಗಿಂತ ಮುಂಚೆ ಫ್ರೆಂಚರು ವಿಯೆಟ್ನಾಂನಿಂದ ಓಡಿಬಂದ ಕಥೆಯಾದ್ರೂ ಸಿಗುತ್ತೆ ಅಂತ ಯುರೋಪಿನ ಚರಿತ್ರೆಗೂ ಸೇರಿದ್ದೆ. ಅದು ಹಿಟ್ಲರ್ ಸಾಯೋ ಹೊತ್ತಿಗೇ ಮುಗಿದ್ಹೋಯ್ತು.”

“ಅಯ್ಯೋ! ಪರೀಕ್ಷೇಲಿ ಬರಲ್ಲ, ಬಿಡಿ ತಾತ.”

“ನಮ್ಮಣ್ಣ ಸತ್ತಿದ್ದು ಆ ಯುದ್ಧದಲ್ಲೇ. ಹತ್ತೊಂಬತ್ತು ವರ್ಷ ಅವನಿಗೆ.”

ಹುಡುಗಿ ತನ್ನ ಪುಸ್ತಕದ ಕೊನೆಯ ಪುಟಗಳನ್ನು ತಿರುವಿದಳು.

“ಪುಸ್ತಕದಲ್ಲಿ ಅದರ ಬಗ್ಗೆ ಹನ್ನೊಂದು ಪುಟ ಇದೆಯಲ್ಲ?”

“ಅದೆಲ್ಲ ಬಾಯಿಪಾಠ ಆಗಿದೆ. ಅಣ್ಣನ ಶವದ ಪೆಟ್ಟಿಗೆ ಮನೆಗೆ ಬಂದ ದಿನವೇ ಅಪ್ಪ, ಆ ಮಾತು ಎತ್ತಬೇಡಿ ಅಂದ. ಅಮ್ಮ ಸಾಯೋವರೆಗೂ ಎತ್ತಲಿಲ್ಲ. ಅವನನ್ನ ಯಾಕೆ ಕಳಿಸಿದ್ರು ಅಂತ ತಿಳಿದವರೊಬ್ರು ಎದ್ದು ನಿಂತು ಬಾಯ್ಬಿಟ್ಟು ಹೇಳೋದನ್ನ ಒಂದ್ಸಲ ಕೇಳ್ಬೇಕಿತ್ತು.”

ಮುದುಕನ ಬಸ್ಸು ಬಂತು. ಹುಡುಗಿ ಅವನ ಪುಸ್ತಕ ಎತ್ತಿಕೊಟ್ಟಳು.

“ಬರೋ ವರ್ಷ ಮತ್ತೆ ಸೇರ್ತೀರಾ ತಾತ?”

“ಟೈಮ್ ಸಾಲಲ್ಲ ಅಂತ ಡಾಕ್ಟ್ರೂ ಅಂದಿದಾರೆ ಮಗೂ,” ಎನ್ನುತ್ತ ಮುದುಕ ಕಂಬಿ ಹಿಡಿದು ಮೆಲ್ಲಗೆ ಬಸ್ಸು ಹತ್ತಿದ.