ಎರಡಡಿಯ ಚೆಂಡು

ಸ್ಕಾಟ್ಲೆಂಡಿನ ಕಡಲಂಚಿನ ಗಾಲ್ಫ್ ಮೈದಾನದಲ್ಲಿ ಸೂಪಿಗಾಗಿ ಸಾಲು ಬೆಳೆದಿತ್ತು. ಕುರಿ ಸಾಕುವ ಮೋರ್ವೆನ್‌ಳ ಮುಂದೆ ಆಟಗಾರ್ತಿ ಇಷ್ಬೆಲ್, ಅವಳ ಗಾಲ್ಫ್ ಕೋಲುಗಳ ಚೀಲ ಹೊರುವ ಸೋದರಮಾವ ಡೂಗಲ್ ನಿಂತಿದ್ದರು. ಕೊನೆಯ ಗುಳಿಗೆ ಎರಡಡಿ ದೂರದಿಂದ ಇಷ್ಬೆಲ್ ಗುರಿ ತಪ್ಪಿದ್ದರಿಂದ ಪಂದ್ಯ ಸಮವಾಗಿತ್ತು; ಇನ್ನೊಂದು ಗುಳಿ ಆಡಿಸಿ ಗೆದ್ದವರನ್ನು ತೀರ್ಮಾನಿಸಬೇಕಿತ್ತು.

"ಎರಡೇ ಅಡಿ ಕಣೇ! ಚೆಂಡಿನ ಜಾಗಕ್ಕೆ ಗುರುತಿಟ್ಟು, ಎತ್ತಿ ಒರೆಸಿ, ಮತ್ತೆ ಅಲ್ಲೇ ಇಟ್ಟು ಆಮೇಲೆ ಹೊಡಿಯೋದಲ್ವಾ?" ಎಂದು ಡೂಗಲ್ ಅಂದದ್ದು ಮೋರ್ವೆನ್‌ಳಿಗೆ ಕೇಳಿಸಿತು.

"ಮುಗಿದ್ರೆ ಸಾಕು ಅನ್ನಿಸ್ತು ಮಾವ. ಕೈ ನಡುಗ್ತಿತ್ತು."

"ಹೋದ ವರ್ಷ ಹೀಗೇ ಆಗಿ ನೀನು ಕೋಲನ್ನೇ ಸಮುದ್ರಕ್ಕೆ ಎಸೆದಿದ್ದೆ."

"ಈ ಸಲ ಎಸೀಲಿಲ್ವಲ್ಲ."

"ಈಗ್ಲೂ ನಡುಗ್ತಿದ್ಯಾ?"

"ಹೂಂ. ನಡುಗ್ಲಿ ಬಿಡಿ. ಗುರುತಿಟ್ಟೇ ಹೊಡೀತೀನಿ."

ಅಷ್ಟರಲ್ಲಿ ಇಷ್ಬೆಲ್‌ಳ ಹೆಸರು ಕೂಗಿದರು. ಡೂಗಲ್ ಗಾಬರಿಯಿಂದ ಚೀಲ ಎಳೆದ. ಕೋಲುಗಳೆಲ್ಲ ಹುಲ್ಲಿನ ಮೇಲೆ ಉದುರಿದವು.

"ನಿಧಾನಕ್ಕೆ ಎತ್ಕೊಳ್ಳಿ ಮಾವ," ಎಂದು ಇಷ್ಬೆಲ್ ತಾನೂ ಬಗ್ಗಿದಳು. "ನಾನು ಹೋಗ್ದೆ ಆಟ ಶುರುವಾಗಲ್ಲ."

ಸೂಪು ಕುಡಿಯದೆಯೇ ಇಬ್ಬರೂ ಹೊರಟರು. ಈ ಸಲ ಅವಸರವಿಲ್ಲದೆ ಅವಳೇ ಮುಂದೆ ನಡೆದಳು.