ಗಾಳದ ಕೋಲು ಬಿದ್ದ ದಿನ

ಹಲೋ... ಯಾರು? ಯಾರು ಮಾತಾಡೋದು? ಈ ನಂಬರು ನನ್ನ ಫೋನಿನ್ಯಾಗ ಇಲ್ಲ. ಜೋರ ಮಾತಾಡ್ರಿ, ಬರೇ ಗಾಳಿ ಸಪ್ಪಳ ಕೇಳಾಕತ್ತೈತಿ...

ಶೀತಲ್? ನಿನ್ನ ಫೋನ್ ಏನಾತು? ಇದು ಯಾರದು?... ನಿಂದಕ್ಕ ಸಿಗ್ನಲ್ ಇಲ್ಲಂತ ಮುದುಕಂದಾ? ಯಾವ ಮುದುಕ? ಎಲ್ಲಿ ಮೀನು ಹಿಡಿಯಾಕತ್ತಾನ? ನೀ ಎಲ್ಲಿದ್ದಿ?...

ಎಲ್ಲಿ?...

ಇನ್ನೊಮ್ಮೆ ಹೇಳು. ಯಾವ ಕೆರಿ?...

ತಲಿ ನೆಟ್ಟಗೈತಿ ಏನು ನಿಂದು? ನನ್ನ ತಮ್ಮ, ನಿನ್ನ ಗಂಡ, ಸತ್ತ ಕೆರಿಗೆ, ಇನ್ನಾ ವರ್ಷ ತುಂಬಿಲ್ಲ, ಮಗಳನ್ನ ಕಟಗೊಂಡು ಒಬ್ಬಾಕಿನ ಹೋಗೀಯಾ? ಮಿಲ್ಪಿಟಾಸ್‌ನಿಂದ ನಾಕು ತಾಸು ಡ್ರೈವ್ ಮಾಡಿಕೊಂಡು? ನಿನ್ನೆ ಸಂಜೀಕ ನಿಮ್ಮನಿಗೆ ಬಂದು ಹಿತ್ತಲದ ಹುಲ್ಲು ಕೊಯ್ದು ಹೋದೆ. ಆವಾಗರೆ ಒಂದು ಮಾತು ಹೇಳಬೇಕಿಲ್ಲೊ?...

ಹೌದು, ಬ್ಯಾಡ ಅಂತಿದ್ದೆ. ಬ್ಯಾಡ ಅಂತಾನ ಅಂತ ನೀ ಹೇಳಲಿಲ್ಲ. ಭಾಳ ಚಲೋ ಆತು...

ಯಾರು ಹೇಳಿದ್ರು? ಸಾಲಿ ಕೌನ್ಸೆಲರಾ? ಹೋಗಿ ನೀರು ನೋಡಿ ಬಂದ್ರ ಹುಡುಗಿ ಮನಸ್ಸು ಹಗುರಾಕ್ಕೈತಿ ಅಂತ?... ಆತೇನು ಹಗುರ?...

ಏ, ಅಳಬ್ಯಾಡ. ನಾ ಬೈಯೂದಿಲ್ಲ, ತಗೊ. ಇಂಚರಾ ಎಲ್ಲಿ? ಮೊದಲ ಅದನ್ನ ಹೇಳು...

ಯಾವ ಬಂಡೆ? ಬೋಟು ಕಟ್ಟೋ ಜಾಗಾದ ಬಾಜೂಕಿನದಾ? ಆ ದಿನ ಆಕಿ ಕುಂತಿದ್ದ ಬಂಡೆನಾ?... ಯಾವಾಗಿಂದ?... ಮುಂಜಾನಿ ಒಂಬತ್ತರಿಂದ? ಈಗ ಎರಡು ಹೊಡದು ಹೋತಲ್ಲ. ಏನರೆ ತಿಂದಾಳೇನು?...

ಈಗ ಕಾಲು ನೀರಾಗ ಬಿಟ್ಟಾಳಾ? ಆ ನೀರಾಗ? ಬೆಟ್ಟದ ಮ್ಯಾಲೆ ಇನ್ನಾ ಹಿಮ ಕರಗಾಕತ್ತೈತಿ ಶೀತಲ್. ರಟ್ಟಿ ಹಿಡದು ಎಳಕೊಂಡು ಕಾರಿನ್ಯಾಗ ಹಾಕು. ಹದಿನೈದು ವರ್ಷದ ಹುಡುಗಿ, ಎಬ್ಬಸಾಕ ಆಗೂದಿಲ್ಲಾ ನಿನಗ?...

ಹಾಂ... ಹಾಂ... ಕೈ ಹಚ್ಚಿದ್ರ ಮತ್ತಷ್ಟು ಒಳಗ ಸರೀತಾಳಾ... ಹಂಗಾರ ಹಚ್ಚಬ್ಯಾಡ. ಹಂಗಂತ ದೂರನೂ ಹೋಗಬ್ಯಾಡ. ರೇಂಜರ್‌ಗೆ ಹೇಳೀಯಿಲ್ಲೊ?... ಒಂದು ತಾಸು ಆಕ್ಕೈತಿ ಅಂದ್ರಾ? ಆ ಮುದುಕನ್ನ ಅಲ್ಲೇ ನಿಲ್ಲಿಸ್ಕೊ. ನಾ ಈಗ ಕಾರು ತಗದ್ರೂ ಬರೂದು ಸಂಜಿ ಆರಕ್ಕ...

ಬಾಯಿಬಿಟ್ಟು ಏನರೆ ಅಂತಾಳೇನು?...

ಏನು?...

ಅಪ್ಪನ್ನ ತಾನ ಕೊಂದೆ ಅಂತಾಳಾ?... ತನ್ನ ಗಾಳದ ಕೋಲು ನೀರಿಗೆ ಬಿತ್ತು, ಅದನ್ನ ತರಾಕ ಅಪ್ಪ ಹಾರಿದ, ಸತ್ತ. ಅದಕ್ಕ ತಾನೂ ಅಲ್ಲಿಂದ ಬರೂದಿಲ್ಲ ಅಂತಾಳಾ?... ಎಂಥಾ ಹುಚ್ಚು ಮಾತು. ಯಾರು ತಲ್ಯಾಗ ತುಂಬಿದ್ರು ಆಕಿಗೆ ಇದನ್ನ?...

ನಾನಾ?...

ಹೌದು. ಹೇಳಿದ್ದೆ. ಅಂವ ಸತ್ತ ಮ್ಯಾಲೆ ಮಾಡಿದ ಶಿವಗಣಾರಾಧನಿ ದಿನ ಬಂದವರೆಲ್ಲ ಒಂದ ಸವನ ಕೇಳಾಕತ್ತಿದ್ರು, ಹೆಂಗಾತು ಸಿದ್ರಾಮಪ್ಪ, ಹೆಂಗಾತು ಅಂತ. ಹುಡುಗಿ ಕೋಲು ಬಿತ್ತು, ತರಾಕ ಹಾರಿದ ಅಂತ, ಅವ್ವನ ಕಿವಿಗೆ ಬೀಳದಂಗ, ಎಲ್ಲಾರಿಗೂ ಅದನ್ನ ಹೇಳಿದೆ. ಆಕಿ ಮೆಟ್ಟಲ ಮ್ಯಾಲೆ ಕುಂತು ಕೇಳಾಕತ್ತಿದ್ದು ನನಗ ಗೊತ್ತಿರಲಿಲ್ಲ... ಇಲ್ಲ, ಸುಳ್ಳು. ಕಂಡಿದ್ದೆ. ಕಂಡ ಹೇಳಿದೆ...

ಅವ್ವಾ? ನಮ್ಮವ್ವ ಏನಂತಾಳ ಆಕಿಗೆ?... ಐತವಾರ ಐತವಾರ ನಮ್ಮನಿಗೆ ಊಟಕ್ಕ ಬಂದಾಗಾ? "ನಿನ್ನ ಟೊಪ್ಪಿಗಿ ಸಲುವಾಗಿ ನನ್ನ ಮಗ ಹ್ವಾದ" ಅಂತ? ನನ್ನ ಕಿವಿಗೆ ಬಿದ್ದಿಲ್ಲ ನೋಡು... ಹಾಂ, ಅಡಗಿಮನ್ಯಾಗ ಅಂತಾಳಾ.

ಆ ಟೊಪ್ಪಿಗಿ ಕಥಿನೂ ನಂದ, ಶೀತಲ್. ಕೊಳ್ಳಾಗ ಲಿಂಗ ಕಟಗೊಂಡ, ಮೀನಿನ ವಾಸನಿಗೂ ಆಗದ ಮುದುಕಿಗೆ ಏನಂತ ಹೇಳಲಿ? ನಿನ್ನ ಮಕ್ಕಳು ಎಂಟು ವರ್ಷದಿಂದ ಬ್ಯಾಸಗಿ ಬಂತಂದ್ರ ಹೆಂಡ್ರು ಮಕ್ಕಳು ಕರಕೊಂಡು ಟ್ರೌಟ್ ಮೀನು ಹಿಡಿಯಾಕ ಬೆಟ್ಟ ಹತ್ತತಾರ, ನೀ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಅದ ದಂಡ್ಯಾಗ ಕುಂತು ತಿಂತಾರ ಅಂತ ಹೇಳಲಾ? ತಿನ್ನೂದಿಲ್ಲವಾ, ಹಿಡದು ಫೋಟೋ ತಗದು ಮತ್ತ ನೀರಿಗೆ ಬಿಡ್ತೀವಿ ಅಂದ್ರ ಒಪ್ಪಾಕಿನಾ? ಹಂಗಾರ ಹಿಡಿಯೂದ್ಯಾಕ ಅಂತಿದ್ಲು. ಬೋಟಿನ್ಯಾಗ ತಿರಗ್ಯಾಡಾಕ ಹೊಂಟೇವಿ ಅಂತ ಹೇಳತಿದ್ವಿ. ಅಂವ ಸತ್ತ ಮ್ಯಾಲೆ ಆಕಿ ಮುಂದ ಗಾಳದ ಕೋಲು ಅನ್ನಾಕ ಬಾಯಿ ಬರಲಿಲ್ಲ, ಇಂಚರಾನ ಟೊಪ್ಪಿಗಿ ನೀರಿಗೆ ಬಿತ್ತು ಅಂದೆ. ಹೆಂಗ ತಿರುವಿದ್ರೂ ಹುಡುಗಿ ತಲಿಗೇ ಬಂತು...

ತಡಿ, ಅವ್ವ ಇಲ್ಲೇ ಸೋಫಾದ ಮ್ಯಾಲೆ ಅದಾಳ. ಗರಾಜಿಗೆ ಹೋಗ್ತೀನಿ... ಹಾಂ, ಬಾಗಲಾ ಹಾಕಿದೆ. ಫೋನ್ ಆಕಿಗೆ ಕೊಡು...

ತಗೊಳ್ಳೂದಿಲ್ಲಾ? ಸ್ಪೀಕರ್ ಹಾಕಿ ಬಂಡೆ ಮ್ಯಾಲೆ ಇಡು. ನೀನೂ ಅಲ್ಲೇ ನಿಲ್ಲು, ನೀನೂ ಕೇಳಬೇಕು... ಯಾಕ ಅಂತ ಕೇಳಬ್ಯಾಡ. ಇಡು ಅಂದೆ...

ಇಂಚರಾ. ನಾ ದೊಡ್ಡಪ್ಪ...

ಬೈಯಿ, ಅಡ್ಡಿಲ್ಲ. ಇಂಗ್ಲಿಷ್‌ನ್ಯಾಗ ಬೈಯಿ. ನಾ ಹಳ್ಳಿ ಸಾಲಿ ಕಲತಾಂವ, ಅರ್ಧ ತಿಳೀತೈತಿ, ಅರ್ಧ ಬಿಡ್ತೀನಿ. ಆದ್ರ ನಾ ಹೇಳೂದು ನಿನಗ ಪೂರಾ ತಿಳೀತೈತಿ. ಕೇಳು...

ಆ ದಿನ ಬೋಟಿನ್ಯಾಗ ನಿಮ್ಮಪ್ಪ, ನಾನು, ಇಬ್ಬರ. ನೀವು ದಂಡ್ಯಾಗ ಇದ್ರಿ. ನಿಮ್ಮಪ್ಪ ಲೈಫ್ ಜಾಕೆಟ್ ಹಾಕ್ಕೊಂಡಿದ್ದ... ಹೌದು, ಹಾಕ್ಕೊಂಡಿದ್ದ. ದಂಡಿ ಬಿಡೂವಾಗ ನೀನೂ ನೋಡಿರಬೇಕು. ಬಿಚ್ಚಿಸಿದಾಂವ ನಾ...

ಹಾಂ, ನಾ. ನಡಗಡ್ಡಿ ಹಿಂದ ಹೋದ ಮ್ಯಾಲೆ ನಗ್ಯಾಡಾಕತ್ತೆ. "ಲೇ ಸಂತ್ಯಾ, ಊರಾಗ ಅಷ್ಟೆತ್ತರದ ಬಾವಿ ಕಟ್ಟಿಮ್ಯಾಲಿಂದ ಹಾರಾಂವ, ಇವತ್ತ ಸಣ್ಣ ಹುಡುಗರಗತೆ ಬೆಂಡು ಕಟಗೊಂಡು ಕುಂತೀಯಲ್ಲೊ" ಅಂದೆ. ಅಂವ ಗಾಳ ಕಟ್ಕೋತ ಕುಂತ. ಬಿಡಲಿಲ್ಲ ನಾ. "ಶೀತಲ್ ಕಟ್ಟಿ ಕಳಿಸ್ಯಾಳೇನು" ಅಂದೆ. ಆವಾಗ ಅಂವಗ ಸಿಟ್ಟು ಬಂತು. ಬಿಚ್ಚಿ ನನ್ನ ಮಾರಿಗೆ ಒಗದ. ನಾ ಅದನ್ನ ಮಡಚಿ ಕುಂಡಿ ಕೆಳಗ ಹಾಕ್ಕೊಂಡು ಕುಂತೆ. ಹಲಗಿ ಒತ್ತತಿತ್ತು...

ಇಂಚರಾ, ಕೇಳಾಕತ್ತೀಯಾ?...

ತಿರುಗಿ ದಂಡಿ ಹತ್ರ ಬರೂವಾಗ ನೀ ಒದರಿದಿ. ಮೀನು ನಿನ್ನ ಕೋಲು ಎಳಕೊಂಡು ಹೊಂಟಿತ್ತು. ಅಂವ ಹಾರಿದ. ಯಾರ ಕೋಲು ಬಿದ್ರೂ ಹಾರತಿದ್ದ, ಅಂವ ಹಂಗ ಇದ್ದ. ಜಾಕೆಟ್ ಇದ್ರ ತೇಲತಿದ್ದ. ಬೋಟು ತಿರುಗಿಸಿ ನಾ ಎತ್ತಿ ಹಾಕ್ಕೊಳ್ಳತಿದ್ದೆ, ಬೈಯತಿದ್ದೆ, ಎಲ್ಲಾರೂ ಮನಿಗೆ ಬರತಿದ್ವಿ. ಕೋಲಿಂದ ಯಾರೂ ಸಾಯಲಿಲ್ಲ. ಅಷ್ಟ ಹಕೀಕತ್ತು...

ಇಲ್ಲ. ಅಷ್ಟ ಅಲ್ಲ. ಇನ್ನೊಂದೈತಿ. ಶೀತಲ್, ಅಲ್ಲೇ ಇದ್ದೀಯಿಲ್ಲೊ?... ಇರು.

ಅಂವ ಒಮ್ಮೆ ಮ್ಯಾಲೆ ಬಂದ. ಬಾಯಿ ತೆರದಿದ್ದ, ದನಿ ಬರಲಿಲ್ಲ. ಕೈ ಬಡದ. ಮತ್ತ ಮುಳುಗಿದ. ಊರಾಗ ಬಾವ್ಯಾಗ ಥೇಟ್ ಹಿಂಗ ಮಾಡತಿದ್ದ. ಮುಳುಗಿದಂಗ ನಾಟಕ ಮಾಡಿ ತಳಕ್ಕ ಹೋಗಿ ಉಸರು ಹಿಡದು ಕುಂದರತಿದ್ದ. ಅವ್ವ ಕಟ್ಟಿಮ್ಯಾಲೆ ನಿಂತು ಬಾಯಿ ಬಡಕೊಳ್ಳೂತನಕ ಮ್ಯಾಲೆ ಬರತಿರಲಿಲ್ಲ. ನಾ ಹೊಟ್ಟಿ ಹಿಡಕೊಂಡು ನಗತಿದ್ದೆ. ಆ ದಿನಾನೂ ಹಂಗ ಅಂತ ತಿಳಕೊಂಡೆ. ನಮ್ಮ ಬಾವಿ ನೀರು ಬೆಚ್ಚಗ ಇರತಿತ್ತು. ಹಿಮದ ನೀರು ಬಿದ್ದ ಕೂಡಲೆ ಎದಿ ಹಿಡೀತೈತಿ ಅಂತ ನನಗ ಯಾರು ಹೇಳಿದ್ರು? ಆಮ್ಯಾಲ ಡಾಕ್ಟರ್ ಹೇಳಿದ್ಲು, ಆಮ್ಯಾಲ...

ನಾ ನಗಾಕತ್ತಿದ್ದೆ, ಇಂಚರಾ. ಅಂವ ಸಾಯಾಕತ್ತಿದ್ದ, ನಾ ಜಾಕೆಟ್ ಮ್ಯಾಲೆ ಕುಂತು ನಗಾಕತ್ತಿದ್ದೆ. "ಸಾಕು ಬಾರಲೇ, ಇಲ್ಲಿ ಅವ್ವ ಇಲ್ಲ" ಅಂದೆ...

ಎಷ್ಟೊತ್ತು ಅಂದ್ರ... ಗೊತ್ತಿಲ್ಲ. ಗುಳ್ಳಿ ಏಳೂದು ನಿಲ್ಲೂತನಕ...

ಹಾಂ? ಶೀತಲ್ಲಾ?... ಹೌದು. ಜಾಕೆಟ್ ನನ್ನ ಕೆಳಗ ಇತ್ತು. ಪೊಲೀಸರಿಗೂ ಹೇಳಲಿಲ್ಲ. ಹಾಕ್ಕೊಂಡಿದ್ದನೇನು ಅಂತ ಕೇಳಿದ್ರು, ಇಲ್ಲ ಅಂದೆ. ಅದೇನು ಸುಳ್ಳಲ್ಲಲ್ಲ ಅಂತ ನನಗ ನಾನ ಹೇಳಿಕೊಂಡೆ. ನಿನಗ ಹೇಳಬೇಕಂತ ಎಷ್ಟು ಸಲ ನಿಮ್ಮನಿಗೆ ಬಂದೆ. ಬಂದು ಹುಲ್ಲು ಕೊಯ್ದು ಹೋದೆ...

ಬೈಯಿ. ಮನಿಗೆ ಬಂದು ಕಾಲ್ಮರಿ ತಗೊಂಡು ಹೊಡಿ, ಮಾರಿ ಕೊಡ್ತೀನಿ. ಈಗ ಹುಡುಗೀನ ನೋಡು. ಕಾಲು ಎಲ್ಲಿ ಅದಾವು ಆಕಿವು?...

ತಗದ್ಲಾ?... ಎದ್ಲಾ? ಯಾವ ಕಡೆ ನಿಂತಾಳ? ನಿನ್ನ ಕಡೆ ಹೌದಿಲ್ಲೊ?... ಹಿಡಕೊ. ಗಟ್ಟಿ ಹಿಡಕೊ, ಈಗ ಹಿಡಕೊಂಡ್ರ ನಡೀತೈತಿ. ಏನರೆ ದಪ್ಪಂದು ಹೊದಸು. ಕಾಲು ತಿಕ್ಕು...

ಹಾಂ, ಹಾಂ... ನಡಗಲಿ. ನಡಗೂದು ಚಲೋ...

ಏನು? ಯಾರು, ಇಂಚರಾನಾ? ಫೋನ್ ತಗೊಂಡಾಳಾ?... ಹೇಳವಾ. ಕನ್ನಡದಾಗ ಕೇಳಾಕತ್ತೀಯಾ... ಸಾವಕಾಶ ಕೇಳು, ನಾ ಎಲ್ಲೂ ಹೋಗೂದಿಲ್ಲ...

ನಗೂದು ನಿನಗ ಕೇಳಿಸಿತ್ತಾ? ಬಂಡೆತನಕ ಬಂದಿತ್ತಾ?...

ಅಪ್ಪ ನಕ್ಕಿದ್ದು ಅಂತ ತಿಳಕೊಂಡಿದ್ದಿ? ಕಡೀಕ ನಕ್ಕೋತ ಹ್ವಾದ ಅಂತ?...

ವರ್ಷಪೂರ್ತಿ?...

ಇಲ್ಲವಾ. ಅಪ್ಪಂದಲ್ಲ ಅದು. ನಮ್ಮಿಬ್ಬರ ದನಿ ಒಂದ ನಮೂನಿ. ಅಂವ ನಗಲಿಲ್ಲ, ಅಂವಗ ಉಸರು ಸಿಗಲಿಲ್ಲ. ನಕ್ಕಾಂವ ನಾ...

ಇಂಚರಾ?...

ಶೀತಲ್, ನಿನ್ನ ಕೈಯಾಗ ಅದಾಳಿಲ್ಲೊ ಆಕಿ?... ಹಾಂ. ಹಾಂ. ಕೂಡಿಸಿದ್ಯಾ ಕಾರಿನ್ಯಾಗ... ಅಳಾಕತ್ತಾಳಾ... ಒಂದು ಮಾತು ಹೇಳು ನನಗ. ಆ ನಗು ಒಂದರೆ ಅಪ್ಪಂದ ಅಂತ ಆಕಿ ತಿಳಕೊಂಡಿದ್ದನ್ನ ಹಂಗ ಬಿಡಬೇಕಿತ್ತೇನು ನಾ? ಶೀತಲ್?... ಬಿಡಬೇಕಿತ್ತೇನು? ಹಲೋ...